ಎಂಟರ ಗುಂಡಿ

ನಮ್ಮ ಬಡಾವಣೆಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗಿನಿಂದ ಈ ಮಾತು ಕೇಳುತ್ತಿದ್ದೇನೆ, ನಾನೇ ನೂರಾರು ಸಲ ಹೇಳಿದ್ದೇನೆ. ಹಿರಿಯೂರಿನ ನನ್ನ ತಂಗಿ ಬರುತ್ತೇನೆಂದು ಫೋನ್ ಮಾಡಿದರೆ, ‘ಮಂಗಳವಾರ ಬಾ, ಅವತ್ತು ನೀರು ಬರ್ತೈತೆ, ತಲೆಗೆ ಹಾಕ್ಕಬಹುದು’ ಎನ್ನುತ್ತೇನೆ. ಇಷ್ಟೆಲ್ಲ ಗೊತ್ತಿದ್ದ ನಾನು, ದಿನಾ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿ ಬರುವ ನಾನು, ‘ಎಂಟು’ ಎಂಬ ಒಂದು ಪದದ ಕೈಯಲ್ಲಿ ಎರಡು ಸಲ ಪೆಟ್ಟು ತಿಂದೆ. ಎರಡನೆಯ ಪೆಟ್ಟು ಬೀಳಬೇಕಾದದ್ದು ನನಗೆ. ಬೀಳಲು ಹೊರಟಿದ್ದು ಇನ್ನೊಬ್ಬರ ಮೇಲೆ.

ಆ ಇನ್ನೊಬ್ಬರು ನಮ್ಮ ನೀರುಗಂಟಿ. ಹಿರೇಗುಂಟನೂರಿನ ಕಡೆಯವರು. ಬಡಾವಣೆಯಲ್ಲಿ ನಾಲ್ಕೇ ಮನೆ ಇದ್ದಾಗ ಬಂದವರು, ಪಂಪ್‌ಹೌಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಹೆಂಡತಿಯ ಜೊತೆ ಇದ್ದಾರೆ. ನಾವೆಲ್ಲ ಅವರನ್ನು ‘ಯಜಮಾನ್ರೇ’ ಎಂದೇ ಕರೆಯುವುದು. ಬೋರ್‌ವೆಲ್ ನೀರನ್ನು ಟ್ಯಾಂಕಿಗೆ ಏರಿಸುವುದು, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ವಾಲ್ವ್ ತಿರುಗಿಸಿ ಮನೆಗಳಿಗೆ ಬಿಡುವುದು, ಇವು ಅವರ ಕೆಲಸ. ವಾಲ್ವ್ ತಿರುಗಿಸುವ ಮುಂಚೆ ಪೈಪಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಯಾಕೆ ಎಂದು ಕೇಳಿದರೆ, ‘ಗಾಳಿ ಹಿಡ್ಕಂಡೈತಾ ಅಂತ ನೋಡ್ತೀನಿ ಮೇಡಮ್. ಕರೆಂಟ್ ಹೋಗಿ ಬಂದಾಗಂತೂ ನೋಡ್ದೆ ಬಿಡಬಾರ್ದು, ಪೈಪು ಒಡೀತೈತೆ’ ಎಂದಿದ್ದರು.

ಅವರ ಮಂಡಿ ಹೋಗಿತ್ತು. ವಾಲ್ವಿನ ಆ ಕಬ್ಬಿಣದ ಚಕ್ರವನ್ನು ಕುಕ್ಕರಗಾಲಿನಲ್ಲಿ ಕೂತು ತಿರುಗಿಸಿ ಮೇಲೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಬಡಾವಣೆಯ ಸಂಘದ ಸಭೆಯಲ್ಲಿ ಈ ಮಾತು ಬಂತು. ನಮ್ಮ ಅಧ್ಯಕ್ಷರು ನಿವೃತ್ತ ದನದ ಡಾಕ್ಟರು. ಒಳ್ಳೆಯ ಮನುಷ್ಯರೇ, ಆದರೆ ಎದುರಿಗೆ ಯಾರೇ ಕೂತಿರಲಿ, ಹಲ್ಲು ಹಿಡಿದು ವಯಸ್ಸು ನೋಡುವ ಹಾಗೆ ನೋಡುತ್ತಾರೆ. ‘ಮಂಡಿ ಹೋಗೈತೆ. ಬೇರೆ ಯಾರನ್ನಾರ ನೋಡಾಣ’ ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ‘ಬೇರೆಯವರು ಯಾಕೆ ಸರ್? ಕಂಪ್ಯೂಟರಿಗೆ ಹೇಳಿದರೆ ಅದೇ ಬಿಡುತ್ತೆ’ ಎಂದುಬಿಟ್ಟೆ.

ಯಜಮಾನರ ಮಂಡಿ ಉಳಿಯಲಿ ಎಂದು ಹೇಳಿದ್ದು, ದೇವರಾಣೆ. ಅಧ್ಯಕ್ಷರು ಅದನ್ನು ಬೇರೆಯೇ ದಾರಿಗೆ ಎಳೆದರು. ‘ಹಂಗಾದ್ರೆ ಯುಗಾದಿವರ್ಗೂ ನೋಡಾಣ. ಮಷಿನ್ ಸರಿ ಹೋತು ಅಂದ್ರೆ ನೀರುಗಂಟಿನೇ ಬ್ಯಾಡ. ಆ ರೂಮು ಖಾಲಿ ಮಾಡ್ಸಿ ಸಂಘದ ಆಫೀಸ್ ಮಾಡಾಣ.’ ಎಲ್ಲರೂ ತಲೆಯಾಡಿಸಿದರು. ಬಾಗಿಲ ಹತ್ತಿರ ನಿಂತಿದ್ದ ಯಜಮಾನರೂ, ಸಭ್ಯತೆಗೋ ಏನೋ, ತಲೆಯಾಡಿಸಿದರು. ನಾನು ಆಗಲೇ ಎದ್ದು ‘ಇಲ್ಲ ಸರ್, ಅದಲ್ಲ ನಾನು ಹೇಳಿದ್ದು’ ಎನ್ನಬೇಕಿತ್ತು. ಎನ್ನಲಿಲ್ಲ. ‘ಮೇಡಮ್ ಎಷ್ಟು ತಿಳ್ಕಂಡವ್ರೆ’ ಎಂದು ಹಿಂದಿನಿಂದ ಯಾರೋ ಅಂದದ್ದು ಕಿವಿಗೆ ಬಹಳ ಹಿತವಾಗಿತ್ತು.

ಕಾಲೇಜಿನಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಕೇಳಿ ತಂದೆ. ಅದಕ್ಕೆ ಲಿನಕ್ಸ್ ಸಿಸ್ಟಮ್ ಹಾಕಿ, ಸರ್ವರ್ ಎಂಬ ದೊಡ್ಡ ಹೆಸರು ಕೊಟ್ಟು, ಪಂಪ್‌ಹೌಸಿನ ಕಲ್ಲಿನ ಕಟ್ಟೆಯ ಮೇಲೆ ಇಟ್ಟೆ. ಪೇಟೆಯ ಮೋಟರ್ ರಿಪೇರಿ ಸಾಹೇಬರು ಬಂದು ಕರೆಂಟಿನ ವಾಲ್ವ್ ಕೂರಿಸಿದರು. ಹಳೆಯ ಚಕ್ರವೂ ಪಕ್ಕದಲ್ಲಿ ಹಾಗೇ ಇತ್ತು. ಅಧ್ಯಕ್ಷರು ಬಂದು, ಪರದೆಯ ಮೇಲೆ ಮೊದಲು ಮೂಡುವ ಆ ಕಪ್ಪು ಪಟ್ಟಿ ಏನು ಎಂದು ಕೇಳಿದರು. ‘ಬೂಟ್ ಲೋಡರ್ ಸರ್. ಯಂತ್ರ ಏಳುವಾಗ ಯಾವ ಸಿಸ್ಟಮ್ ಎಬ್ಬಿಸಬೇಕು ಅಂತ ಇದು ಕೇಳುತ್ತೆ’ ಎಂದೆ. ಅವರು ಗಂಭೀರವಾಗಿ ತಮ್ಮ ಪಾದ ನೋಡಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದರು.

ಇನ್ನು ಉಳಿದದ್ದು ಯಾವಾಗ ನೀರು ಬಿಡಬೇಕು ಎಂದು ಯಂತ್ರಕ್ಕೆ ಹೇಳುವುದು. ಲಿನಕ್ಸ್‌ನಲ್ಲಿ ಇದಕ್ಕೆ ಕ್ರಾನ್ ಎಂಬ ಏರ್ಪಾಡು ಇದೆ. ಒಂದು ಸಾಲಿನಲ್ಲಿ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಬರೆದಿಟ್ಟರೆ ಸರಿ, ಆ ಹೊತ್ತಿಗೆ ಆ ಕೆಲಸ ತಾನಾಗಿ ಆಗುತ್ತದೆ. ನಾನು ಮಕ್ಕಳಿಗೆ ಕೈಯಾಡಿಸಿಕೊಂಡು ಹೇಳಿಕೊಡುವ ಪಾಠ. ‘ಯಜಮಾನ್ರೇ, ಎಷ್ಟು ದಿನಕ್ಕೊಂದ್ಸಲ ಬಿಡ್ತೀರಿ ಹೇಳ್ರಿ’ ಎಂದು ಔಪಚಾರಿಕವಾಗಿ ಕೇಳಿದೆ. ‘ಎಂಟು ದಿನಕ್ಕೊಂದ್ಸಲ’ ಎಂದರು. ನಾನು ತಾರೀಕಿನ ಜಾಗದಲ್ಲಿ ಪ್ರತಿ ಎಂಟಕ್ಕೆ ಎಂದು ಬರೆದೆ. ಕ್ರಾನ್ ಅದನ್ನು ಒಂದು, ಒಂಬತ್ತು, ಹದಿನೇಳು, ಇಪ್ಪತ್ತೈದು ಎಂದು ಓದುತ್ತದೆ.

ಆ ತಿಂಗಳ ಒಂದನೇ ತಾರೀಕು ಮಂಗಳವಾರವೇ ಬಿದ್ದಿತ್ತು. ಒಂಬತ್ತು ಗಂಟೆಗೆ ಸರಿಯಾಗಿ ವಾಲ್ವ್ ‘ಟಕ್’ ಎಂದಿತು, ಬಡಾವಣೆಯ ನಲ್ಲಿಗಳೆಲ್ಲ ಹಾಡಿದವು. ಅಧ್ಯಕ್ಷರು ನನ್ನ ಬೆನ್ನು ಚಪ್ಪರಿಸಲು ಕೈಯೆತ್ತಿ, ಹೆಂಗಸೆಂದು ನೆನಪಾಗಿ ಕಂಪ್ಯೂಟರಿನ ಬೆನ್ನು ಚಪ್ಪರಿಸಿದರು.

ಮುಂದಿನ ಮಂಗಳವಾರ ಒಂಬತ್ತೂಕಾಲಿಗೆ ನಾನು ಹೊಳಲ್ಕೆರೆ ದಾಟುತ್ತಿದ್ದೆ, ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಎದುರು ಮನೆಯವರು ಫೋನ್ ಮಾಡಿದರು. ಆಪಾ ಮನೆಯವರು ತಲೆತಲಾಂತರದಿಂದ ಪೇಟೆಯಲ್ಲಿ ಹಾಸಿಗೆ ದಿಂಬು ಹೊಲಿಯುವವರು, ಆಪಾ ಬಾಯಲ್ಲಿ ಮಾತ್ರ ಯಾವಾಗಲೂ ಸೂಜಿ. ‘ಏನ್ ಟೀಚರಮ್ಮ, ನಿಮ್ಮ ಕಂಪ್ಯೂಟ್ರು ರೋಜಾ ಉಪವಾಸ ಹಿಡಿದೈತಾ? ಹನಿ ನೀರಿಲ್ಲ, ಡ್ರಮ್ಮಿನ ತಳ ಕಾಣ್ತೈತೆ!’ ನನಗೆ ಬಸ್ಸಿನಲ್ಲೇ ಬೆವರಿತು. ಯಜಮಾನರಿಗೆ ಫೋನ್ ಮಾಡಿದೆ. ‘ನಾನು ಆಗ್ಲೇ ಚಕ್ರ ತಿರುವಿದೀನಿ ಮೇಡಮ್, ನೀವು ನಿಮ್ಮ ಕ್ಲಾಸ್ ನೋಡ್ಕಳ್ರಿ’ ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಮರುದಿನ ಬುಧವಾರ, ಒಂಬತ್ತನೇ ತಾರೀಕು, ಯಂತ್ರ ತನ್ನ ಲೆಕ್ಕದಂತೆ ಮತ್ತೆ ನೀರು ಬಿಟ್ಟಿತು. ಅಧ್ಯಕ್ಷರ ಮನೆಯವರು ಹಿಂದಿನ ದಿನ ಸಂಜೆ, ನೀರು ನಿಂತ ಮೇಲೆ, ಇನ್ನೂ ಬರುತ್ತದಾ ಎಂದು ನೋಡಲು ನಲ್ಲಿ ತಿರುವಿ, ಹಾಗೇ ಬಿಟ್ಟು, ಮನೆಗೆ ಬೀಗ ಹಾಕಿ ಬಿ.ದುರ್ಗಕ್ಕೆ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಅವರ ದೇವರ ಮನೆಯ ಮಣೆ ನಡುಮನೆಯಲ್ಲಿ ತೇಲುತ್ತಿತ್ತಂತೆ.

ಸಂಜೆ ಯಜಮಾನರ ಮುಂದೆ ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ತಪ್ಪು ನನ್ನದಾಗಿದ್ದರಂತೂ ಇನ್ನೂ ಬೇಗ ಬರುತ್ತದೆ. ‘ನೀವೇ ತಾನೇ ಎಂಟು ದಿನ ಅಂದಿದ್ದು?’ ಅವರು ಬೆರಳು ಮಡಿಸತೊಡಗಿದರು. ‘ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ, ಮತ್ತೆ ಮಂಗಳವಾರ. ಎಂಟಾತಲ್ಲ ಮೇಡಮ್?’ ಅಯ್ಯೋ ನನ್ನ ಕರ್ಮವೇ! ಈ ಊರಲ್ಲಿ ಎಂಟು ದಿನ ಎಂದರೆ ಏಳು ದಿನ ಎಂದು ನನ್ನ ನಾಲಿಗೆಗೆ ಗೊತ್ತಿತ್ತು, ಕೀಬೋರ್ಡಿನ ಮೇಲಿನ ಬೆರಳಿಗೆ ಗೊತ್ತಿರಲಿಲ್ಲ. ತಾರೀಕಿನ ಲೆಕ್ಕ ಅಳಿಸಿ, ವಾರದ ಜಾಗದಲ್ಲಿ, ಭಾನುವಾರವನ್ನು ಸೊನ್ನೆ ಎಂದು ಎಣಿಸಿ, ಮಂಗಳವಾರಕ್ಕೆ ಎರಡು ಎಂದು ಬರೆದೆ. ಅವತ್ತಿನಿಂದ ಕ್ರಾನಿನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ತಪ್ಪದಿದ್ದದ್ದೇ ನನಗೆ ಸಂಕಟ ತಂದದ್ದು. ಮೂರು ಮಂಗಳವಾರ ಯಂತ್ರ ಅಚ್ಚುಕಟ್ಟಾಗಿ ನೀರು ಬಿಟ್ಟಿತು. ಯಜಮಾನರಿಗೆ ಮಾಡಲು ಏನೂ ಉಳಿಯಲಿಲ್ಲ. ಬೇಡವಾದ ಆ ಹಳೆಯ ಚಕ್ರಕ್ಕೆ ದಿನಾ ಎಣ್ಣೆ ಬಟ್ಟೆ ಹಾಕಿ ಒರೆಸುತ್ತಿದ್ದರು. ಅವರ ಹೆಂಡತಿ ಒಂದು ಸಂಜೆ ನನ್ನನ್ನು ತಡೆದು, ‘ಯುಗಾದಿ ಆದ ಮ್ಯಾಲೆ ರೂಮು ಬಿಡಬೇಕಾ ಮೇಡಮ್, ಮುಂಚೇನಾ?’ ಎಂದು ಕೇಳಿದರು. ಜಗಳದ ದನಿಯಲ್ಲಿ ಕೇಳಿದ್ದರೆ ಜಗಳ ಆಡುತ್ತಿದ್ದೆ. ಸಾಮಾನು ಯಾವಾಗ ಕಟ್ಟಬೇಕು ಎಂದು ತಿಳಿಯಲು ಕೇಳಿದ್ದರು. ನಾಚಿಕೆಯಿಂದ ನನ್ನ ಮೈಯೆಲ್ಲ ಹಿಡಿಯಷ್ಟಾಯಿತು.

ಆಮೇಲೆ ಬೇಸಿಗೆಯ ಕರೆಂಟ್ ಕಡಿತ ಶುರುವಾಯಿತು. ಮೊದಲ ಸಲ ಕರೆಂಟ್ ಹೋಗಿ ಬಂದಾಗ ಯಂತ್ರ ಪೂರ್ತಿ ಏಳದೆ, ಬೂಟ್ ಲೋಡರಿನ ಪಟ್ಟಿಯಲ್ಲೇ ನಿಂತುಬಿಟ್ಟಿತು. ಅದರ ಸ್ವಭಾವವೇ ಹಾಗೆ. ಒಮ್ಮೆ ಅರ್ಧಕ್ಕೆ ಮುಗ್ಗರಿಸಿದರೆ, ಮುಂದಿನ ಸಲ ಯಾರಾದರೂ ಬಂದು ‘ಹೂಂ’ ಎನ್ನುವವರೆಗೆ ಕಾಯುತ್ತದೆ. ಯಜಮಾನರು ಹೊಸದುರ್ಗಕ್ಕೆ ಫೋನ್ ಮಾಡಿದರು. ನಾನು ಸ್ಟಾಫ್ ರೂಮಿನಲ್ಲಿದ್ದೆ, ಪಕ್ಕದಲ್ಲಿ ಮೂವರು ಸಹೋದ್ಯೋಗಿಗಳು ಪರೀಕ್ಷೆಯ ವಿಚಾರಕ್ಕೆ ಕಿತ್ತಾಡುತ್ತಿದ್ದರು.

‘ಏನ್ ಕಾಣ್ತೈತೆ ಯಜಮಾನ್ರೇ?’

‘ಕರೀ ಹಲಗೆ ಮೇಡಮ್. ನಾಕು ಸಾಲು ಅಕ್ಷರ ಅವೆ. ಮೇಲಿನ ಸಾಲು ಬೆಳ್ಳಗೈತೆ.’

‘ಸರಿ, ಏನೂ ಮಾಡಬೇಡ್ರಿ. ಎಂಟರ್ ಒತ್ರಿ, ಸಾಕು.’

‘ಎಂಟರ್ದಾ?’

‘ಹೂಂ, ಎಂಟರ್!’

‘ಒತ್ತಿದೆ ಮೇಡಮ್. ಏನೂ ಆಗ್ಲಿಲ್ಲ.’

ಇನ್ನೊಮ್ಮೆ ಒತ್ತಿಸಿದೆ, ಗಟ್ಟಿಯಾಗಿ ಒತ್ತಿಸಿದೆ. ಏನೂ ಆಗಲಿಲ್ಲ. ಡಿಸ್ಕ್ ಹೋಯಿತು ಎಂದುಕೊಂಡೆ. ಸಂಜೆ ಬಂದು ನಾನು ಎಂಟರ್ ಒತ್ತಿದೆ, ಯಂತ್ರ ಮುದ್ದಾದ ಮಗುವಿನ ಹಾಗೆ ಎದ್ದು ಕೂತಿತು.

ಇನ್ನು ಈ ತಾಪತ್ರಯವೇ ಬೇಡ ಎಂದು ಬೂಟ್ ಲೋಡರಿನ ಸೆಟ್ಟಿಂಗ್ ಬದಲಿಸಿದೆ. ಏನೇ ಆದರೂ ಹತ್ತು ಸೆಕೆಂಡು ಕಾದು, ಯಾರೂ ಏನೂ ಮುಟ್ಟದಿದ್ದರೆ, ತಾನೇ ಮೇಲಿನ ಸಾಲನ್ನು ಆರಿಸಿಕೊಂಡು ಏಳಬೇಕು. ನಾನೇ ಐದು ಸಲ ಸ್ವಿಚ್ ಆರಿಸಿ ಹಾಕಿ ನೋಡಿದೆ, ಐದೂ ಸಲ ಎದ್ದಿತು. ಮುಂದಿನ ಮಂಗಳವಾರ ಎಂಟೂವರೆಗೆ ಕರೆಂಟ್ ಹೋಗಿ ಬಂತು, ನಾನು ಬಸ್ಸಿನಲ್ಲಿದ್ದೆ, ಯಂತ್ರ ಏಳಲಿಲ್ಲ. ಅದರ ಮುಂದಿನ ಮಂಗಳವಾರವೂ ಇದೇ ಕಥೆ. ಎರಡೂ ಸಲ ಯಜಮಾನರು ಚಕ್ರ ತಿರುವಿ ನೀರು ಬಿಟ್ಟರು. ನಾನಿದ್ದರೆ ಏಳುತ್ತದೆ, ನಾನಿಲ್ಲದಿದ್ದರೆ ಏಳುವುದಿಲ್ಲ! ತಲೆ ಚಿಟ್ಟು ಹಿಡಿಯಿತು. ಆಪಾ ಅಂತೂ, ‘ದೃಷ್ಟಿ ಆಗೈತೆ ಟೀಚರಮ್ಮ, ನಿಂಬೆಹಣ್ಣು ಕಟ್ರಿ’ ಎಂದರು. ತಮಾಷೆಗೆ ಅಂದರೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ, ಆ ಶುಕ್ರವಾರ ನಾನು ನಿಂಬೆಹಣ್ಣು ಕೊಂಡದ್ದು ಮಾತ್ರ ನಿಜ.

ಅಧ್ಯಕ್ಷರು ದೃಷ್ಟಿ ನಂಬುವವರಲ್ಲ. ಮನೆಗೇ ಬಂದು, ದನಿ ತಗ್ಗಿಸಿ ಹೇಳಿದರು. ‘ಮೇಡಮ್, ಮಷಿನ್ನಿಗೇನೂ ಆಗಿಲ್ಲ. ನೀವಿಲ್ದಾಗ ಪಂಪ್‌ಹೌಸ್ನಾಗೆ ಇರೋರು ಯಾರು? ರೂಮು ಹೋಗ್ತೈತೆ ಅಂತ ಅವ್ನೇ ಏನೋ ಕಿತಾಪತಿ ಮಾಡ್ತವ್ನೆ. ಭಾನುವಾರ ಕಮಿಟಿಯೋರೆಲ್ಲ ಬರ್ತೀವಿ. ಕರೆಂಟ್ ತೆಗೆದು ಹಾಕಾಣ, ನಮ್ಮ ಕಣ್ಣೆದುರಿಗೆ ಅವ್ನ ಕೈಯಾಗೆ ಒತ್ಸಾಣ. ಕಳ್ಳಾಟ ಅಂತ ಗೊತ್ತಾದ್ರೆ ಯುಗಾದಿವರ್ಗೂ ಯಾಕೆ, ಅವತ್ತೇ ಕಳ್ಸಾಣ.’

ಇಷ್ಟು ವರ್ಷ ನಮಗೆ ನೀರು ಬಿಟ್ಟ ಮನುಷ್ಯ ಕಳ್ಳನಾಗಿ ಹೋಗುವುದೇ? ನನಗೆ ಉರಿದುಹೋಯಿತು. ಆದರೆ ನಿಜ ಹೇಳಬೇಕಲ್ಲ, ಒಂದು ಕ್ಷಣ ನನಗೂ ಅನುಮಾನ ಬಂತು. ಆ ಒಂದು ಕ್ಷಣಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಶನಿವಾರ ಮಧ್ಯಾಹ್ನ ಪಂಪ್‌ಹೌಸಿಗೆ ಹೋದೆ. ‘ಯಜಮಾನ್ರೇ, ಕರೆಂಟ್ ಹೋಗಿ ಬಂದಾಗ ನೀವು ಏನೇನು ಮಾಡ್ತೀರೋ ಹಂಗೇ ಮಾಡ್ರಿ, ನಾನು ಹಿಂದೆ ನಿಂತಿರ್ತೀನಿ’ ಎಂದು ಮೇನ್ ಸ್ವಿಚ್ ಆರಿಸಿ ಹಾಕಿದೆ. ಅವರು ಮೊದಲು ಹೋಗಿ ಪೈಪಿನ ಮೇಲೆ ಅಂಗೈ ಇಟ್ಟರು. ಆಮೇಲೆ ಪರದೆಯ ಮುಂದೆ ಬಂದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಪಟ್ಟಿ ಮೂಡುವುದನ್ನೇ ಕಾದರು. ಮೂಡಿತು. ಹತ್ತು, ಒಂಬತ್ತು ಎಂದು ಸೆಕೆಂಡು ಇಳಿಯತೊಡಗಿತು. ತೋರುಬೆರಳನ್ನು ಭಕ್ತಿಯಿಂದ ಮುಂದೆ ತಂದು ಅವರು ಕೀಬೋರ್ಡಿನ ಮೇಲಿನ ಸಾಲಿನಲ್ಲಿ 8 ಎಂಬ ಅಂಕಿಯನ್ನು ಒತ್ತಿದರು.

ಸೆಕೆಂಡು ಅಲ್ಲೇ ನಿಂತಿತು. ಯಾವುದೇ ಗುಂಡಿ ಮುಟ್ಟಿದರೂ ಎಣಿಕೆ ನಿಲ್ಲುತ್ತದೆ, ಮನುಷ್ಯ ಬಂದಿದ್ದಾನೆ, ಇನ್ನು ಅವನೇ ಹೇಳಲಿ ಎಂದು ಯಂತ್ರ ಕಾಯುತ್ತದೆ. ಎಂಟರ್. ಎಂಟರ. ಎಂಟರ ಗುಂಡಿ! ಸುಮ್ಮನಿದ್ದರೆ ತಾನೇ ಏಳುತ್ತಿದ್ದ ಯಂತ್ರವನ್ನು ಈ ಮನುಷ್ಯ, ಇನ್ನು ಒತ್ತುವುದು ಬೇಡ ಎಂದು ನಾನು ಹೇಳದೆ ಬಿಟ್ಟಿದ್ದರಿಂದ, ನನ್ನ ಹಳೆಯ ಮಾತು ಪಾಲಿಸಲು ಹೋಗಿ ಪ್ರತಿ ಸಲ ತಡೆದು ನಿಲ್ಲಿಸುತ್ತಿದ್ದರು. ಕಿತಾಪತಿಯಂತೆ ಕಿತಾಪತಿ! ನಗು ಒತ್ತರಿಸಿಕೊಂಡು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಅವರು ತಿರುಗಿ ನನ್ನ ಮುಖ ನೋಡಿದರು. ‘ತಪ್ಪಾತಾ ಮೇಡಮ್? ನೀವೇ ಎಂಟರ್ದು ಒತ್ರಿ ಅಂದಿದ್ರಲ್ಲ. ನಾನು ಊರಿಗೆ ಹೋದಾಗ ಒತ್ಲಿ ಅಂತ ನಮ್ಮಾಕೆಗೂ ಅದ್ನೇ ಕಲ್ಸೀನಿ.’

‘ತಪ್ಪು, ದೊಡ್ಡ ಗುಂಡಿ ಒತ್ತಬೇಕಿತ್ತು’ ಎನ್ನುವುದು ಬಹಳ ಸುಲಭವಾಗಿತ್ತು. ನಾಳೆ ಕಮಿಟಿಯವರು ಕೇಳಿದಾಗ ಇವರು ಮುಚ್ಚಿಡುವವರಲ್ಲ. ‘ಇಷ್ಟು ದಿನ ಬೇರೆ ಗುಂಡಿ ಒತ್ತಿದೆ ಸಾರ್’ ಎಂದು ಒಪ್ಪಿಕೊಳ್ಳುತ್ತಾರೆ. ಅಧ್ಯಕ್ಷರಿಗೆ ಅಷ್ಟು ಸಾಕು. ಇವರು ಏನೂ ಮುಟ್ಟದೆ ಸುಮ್ಮನಿದ್ದರೋ, ಯಂತ್ರ ತಾನೇ ಏಳುತ್ತದೆ, ಆಗಲೂ ಇವರು ಬೇಡ. ಎರಡು ದಾರಿಯೂ ಆ ಕೋಣೆಯ ಬಾಗಿಲಿಂದ ಹೊರಗೇ ಹೋಗುತ್ತಿದ್ದವು.

‘ಇಲ್ಲ, ಸರಿ ಐತೆ. ಎಂಟೇ’ ಎಂದೆ. ‘ಯಂತ್ರದಲ್ಲಿ ಸ್ವಲ್ಪ ದೋಷ ಇತ್ತು, ನಾನು ಸರಿ ಮಾಡ್ತೀನಿ. ನಾಳೆಯೂ ಹಿಂಗೇ ಒತ್ರಿ.’

ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಕೂತೆ. ಬೂಟ್ ಲೋಡರಿನ ಪಟ್ಟಿಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಗುಂಡಿಯನ್ನು ಗೊತ್ತು ಮಾಡಲು ಬರುತ್ತದೆ. ಮಕ್ಕಳಿಗೆ ಪಾಠ ಮಾಡುವಾಗ, ‘ಇದನ್ನು ಯಾರೂ ಬಳಸುವುದಿಲ್ಲ, ಬಿಡಿ’ ಎಂದು ನಾನೇ ಹಾರಿಸುವ ಭಾಗ. ಮೇಲಿನ ಸಾಲಿಗೆ 8 ಅನ್ನು ಗೊತ್ತು ಮಾಡಿದೆ. ಆಮೇಲೆ ಕಾಯುವ ಸೆಕೆಂಡಿನ ಜಾಗದಲ್ಲಿ ಹತ್ತನ್ನು ಅಳಿಸಿ ಮೈನಸ್ ಒಂದು ಎಂದು ಬರೆದೆ. ಹಾಗೆಂದರೆ ಯಂತ್ರ ಇನ್ನು ತಾನಾಗಿ ಏಳುವುದಿಲ್ಲ. ಒಬ್ಬರು ಬಂದು ಒತ್ತುವವರೆಗೆ, ದಿನವಾದರೂ ಸರಿ, ಕಾಯುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಮಿಟಿಯವರು ಪಂಪ್‌ಹೌಸಿನಲ್ಲಿ ತುಂಬಿಕೊಂಡರು. ಕಮಿಟಿಯಲ್ಲಿ ಇಲ್ಲದಿದ್ದರೂ ಆಪಾ ಬಂದು ಕಿಟಕಿಯ ಹತ್ತಿರ ನಿಂತರು. ಅಧ್ಯಕ್ಷರು ತಾವೇ ಮೇನ್ ಸ್ವಿಚ್ ಆರಿಸಿ ಹಾಕಿದರು. ‘ಹೂಂ, ಮಾಡಪ್ಪ, ನೋಡಾಣ.’ ಯಜಮಾನರು ಪೈಪಿನ ಮೇಲೆ ಅಂಗೈ ಇಟ್ಟರು. ಆಮೇಲೆ ಪರದೆಯ ಮುಂದೆ ನಿಂತು, ಅದೇನೋ ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ ತಂದರು. ಬಲಗೈಯ ಕಿರುಬೆರಳು ಕೀಬೋರ್ಡಿನ ಬಲ ಅಂಚಿನಲ್ಲಿ ಹೋಗಿ ಕೂತಿತ್ತು. ಪಾಪ, ಹೆದರಿ ಆಸರೆಗೆ ಇಟ್ಟಿದ್ದಾರೆ ಎಂದುಕೊಂಡೆ. ಎಡಗೈಯ ತೋರುಬೆರಳು ಹೋಗಿ 8 ಅನ್ನು ಒತ್ತಿತು.

ಯಂತ್ರ ಎದ್ದಿತು. ಅಕ್ಷರಗಳು ಸರಸರ ಓಡಿದವು. ಆಪಾ ಕಿಟಕಿಯಿಂದಲೇ ‘ಮಾಷಾ ಅಲ್ಲಾ!’ ಎಂದರು.

‘ಎಂಟು ಒತ್ತಿದ್ರೆ ಏಳ್ತೈತಾ ಮೇಡಮ್?’ ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ.

‘ಹೌದು ಸರ್. ಇಷ್ಟು ದಿನ ಸರಿಯಾಗಿ ಏಳದಿದ್ದದ್ದು ನನ್ನ ಸೆಟ್ಟಿಂಗಿನ ತಪ್ಪು, ಅವರದಲ್ಲ. ಇನ್ನೊಂದು ಮಾತು. ಕರೆಂಟ್ ಬಂದಾಗ ಯಂತ್ರ ತಾನೇ ಎದ್ದು ನೀರು ಬಿಟ್ಟರೆ, ಗಾಳಿ ಹಿಡಿದು ಪೈಪು ಒಡೆಯಬಹುದು. ಗಾಳಿ ಇದೆಯಾ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ, ಇವರ ಅಂಗೈಗೆ ಗೊತ್ತಾಗುತ್ತೆ. ಅದಕ್ಕೇ ಇವರು ನೋಡಿ, ಒತ್ತಿದ ಮೇಲೆ ಮಾತ್ರ ಏಳೋ ಹಾಗೆ ಮಾಡಿದೀನಿ. ನೀರುಗಂಟಿ ಇಲ್ಲದಿದ್ದರೆ ಈ ಯಂತ್ರ ಇಲ್ಲ.’

ಅಧ್ಯಕ್ಷರು ಯಂತ್ರವನ್ನೊಮ್ಮೆ, ಯಜಮಾನರನ್ನೊಮ್ಮೆ ನೋಡಿದರು. ಪೈಪು ಒಡೆಯುವ ಮಾತು ಅವರಿಗೆ ತಾಗಿತು, ತೇಲಿದ ಮಣೆ ಇನ್ನೂ ನೆನಪಿನಲ್ಲಿತ್ತು. ‘ಹಂಗಾದ್ರೆ ರೂಮಿನ ವಿಷ್ಯ ಬಿಡಾಣ’ ಎಂದು ಚಪ್ಪಲಿ ಮೆಟ್ಟಿ ಹೊರಟರು.

ಎಲ್ಲರೂ ಹೋದ ಮೇಲೆ ಯಜಮಾನರ ಹೆಂಡತಿ ಟೀ ತಂದುಕೊಟ್ಟರು. ಆಕೆ ಬೆಳಿಗ್ಗೆ ಜೆರಾಕ್ಸ್ ಅಂಗಡಿಯೊಂದನ್ನು ಗುಡಿಸಿ ಬರುವವರು. ನಾನು ಗೆದ್ದ ಖುಷಿಯಲ್ಲಿ ಸೊರ್ರೆಂದು ಟೀ ಹೀರುತ್ತಿದ್ದೆ. ಯಜಮಾನರು ಮೆಲ್ಲಗೆ, ‘ಮೇಡಮ್, ಬೇಜಾರ್ ಮಾಡ್ಕಬಾರ್ದು’ ಎಂದರು.

‘ಹೇಳ್ರಿ.’

‘ಎಂಟರ್ ಅಂದ್ರೆ ಆ ಬಲಗಡೆ ಇರೋ ದೊಡ್ಡ ಗುಂಡಿಯಂತೆ. ಅಂಗಡಿ ಹುಡ್ಗಿ ದಿನಾ ಎಂಟರ್ ಎಂಟರ್ ಅಂತ ಅದ್ನೇ ಕುಟ್ತಾಳಂತೆ. ನಿನ್ನೆ ಸಂಜೆ ನಮ್ಮಾಕೆ ಹೇಳಿದ್ಲು.’

ಟೀ ನೆತ್ತಿಗೆ ಹತ್ತಿತು. ‘ಗೊತ್ತಿದ್ದೂ ಮತ್ತೆ ಎಂಟು ಯಾಕೆ ಒತ್ತಿದ್ರಿ? ಅದು ಏಳದಿದ್ದರೆ ನಿಮ್ಮ ಗತಿ?’

‘ನೀವು ಎಂಟೇ ಸರಿ ಅಂದಿದ್ರಲ್ಲ. ಅಷ್ಟು ಜನ ಕಮಿಟಿಯೋರ ಮುಂದೆ, ಪಾಠ ಹೇಳೋ ಮೇಡಮ್ನೋರ ಮಾತು ತಪ್ಪು ಅಂತ ನಾನು ಹೆಂಗೆ ತೋರ್ಸೋದು? ಮೊದ್ಲು ನೀವು ಹೇಳಿದ್ದು ಒತ್ತಾಣ, ಅದು ಕೇಳ್ದಿದ್ರೆ ಯಾರಿಗೂ ಕಾಣ್ದಂಗೆ ದೊಡ್ಡದು ಒತ್ತಾಣ ಅಂತ ಕಿರುಬೆರಳು ಅದ್ರ ಮ್ಯಾಲೇ ಇಟ್ಕಂಡಿದ್ದೆ.’

ಅವರ ಹೆಂಡತಿ ನನ್ನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದರು.

ಈಗಲೂ ಕರೆಂಟ್ ಹೋಗಿ ಬಂದಾಗ ನಾನು ಊರಲ್ಲಿದ್ದರೆ ಪಂಪ್‌ಹೌಸಿಗೆ ಹೋಗುತ್ತೇನೆ. ಎಂಟರ್ ಒತ್ತಿದರೂ ಯಂತ್ರ ಏಳುತ್ತದೆ, ಅದು ಯಜಮಾನರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಎಂಟನ್ನೇ ಒತ್ತುತ್ತೇವೆ.